ಬಾಗಿಲು ಹಾಕಿಕೊಂಡು ಹಾಡುವ ಲಲಿತಾಬಾಯಿ

ಕಮಲಾಪುರದಲ್ಲಿ ಮಧ್ಯಾಹ್ನದ ಊಟ ಮುಗಿದು ಓಣಿ ತೂಕಡಿಸತೊಡಗಿದಾಗ ಒಂದು ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮೊದಲು ರಸ್ತೆಯ ಕಡೆಯದು, ಆಮೇಲೆ ಹಿತ್ತಲ ಕಡೆಯದು, ಕೊನೆಗೆ ಬಾಗಿಲು. ಹೊರಗೆ ಕಟ್ಟೆಯ ಮೇಲೆ ಕೂತ ಮಲ್ಲಣ್ಣನವರು ಮೊಬೈಲಿನ ಸದ್ದು ಇಳಿಸುತ್ತಾರೆ. ಆ ಹೊತ್ತಿಗೆ ಯಾರಾದರೂ ಅವರ ತೋಟದ ಕೆಂಪು ಬಾಳೆಯ ಗೊನೆ ಕೇಳಿಕೊಂಡು ಬಂದರೆ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕೈ ತೋರಿಸುತ್ತಾರೆ.

"ಕೂಸು ಮಲಗ್ಯದೇನ್ರಿ?" ಎಂದು ಹೊಸಬರು ಕೇಳುವುದುಂಟು.

"ಇನ್ನಾ ಇಲ್ರಿ, ಮಲಗಸಾಕತ್ತಾಳ," ಎಂದು ಮಲ್ಲಣ್ಣನವರು ಪಿಸುಗುಡುತ್ತಾರೆ. "ಬೀದರದಾಗ ಒಂದು, ಸೇಡಂನಾಗ ಒಂದು."

ಒಳಗೆ ಹಾಡುತ್ತಿರುವವರು ಅವರ ಹೆಂಡತಿ ಲಲಿತಾಬಾಯಿ. ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಈಗ ಅವರ ಕೆಲಸ ಜೋಗುಳ ಹಾಡಿ ಕಳಿಸುವುದು. ಎಲ್ಲೋ ಒಂದು ಮನೆಯಲ್ಲಿ ಮಗು ಹುಟ್ಟುತ್ತದೆ. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗುತ್ತದೆ. ಹಾಡಬಲ್ಲ ಅಜ್ಜಿಯೋ ಅತ್ತೆಯೋ ಆ ಮನೆಯಲ್ಲಿ ಇರುವುದಿಲ್ಲ, ಇದ್ದರೂ ಹಾಡು ಮರೆತಿರುತ್ತದೆ. ಅಂಥವರು ಫೋನು ಮಾಡಿ ಮಗುವಿನ ಹೆಸರು ಹೇಳಿದರೆ, ಲಲಿತಾಬಾಯಿ ಅದನ್ನು ಹಾಡಿನ ಕೊನೆಯ ನುಡಿಯಲ್ಲಿ ಕೂಡಿಸಿ, ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡು ಮಾಡಿ, ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ.

ಈ ಕೆಲಸಕ್ಕೆ ಅವರು ಎರಡು ಕಟ್ಟುಪಾಡು ಮಾಡಿಕೊಂಡಿದ್ದಾರೆ. ತೊಟ್ಟಿಲಿಗೆ ಹಾಕುವವರೆಗೆ ಕೂಸಿನ ಹೆಸರು ಹೊರಗಿನವರ ಕಿವಿಗೆ ಬೀಳಬಾರದು. ಆದ್ದರಿಂದ ಬಾಗಿಲು ಹಾಕಿಯೇ ಹಾಡಬೇಕು. ಮತ್ತೆ, ಜೋಗುಳವನ್ನು ನಡುವೆ ತುಂಡು ಮಾಡಬಾರದು. ತಪ್ಪಿದರೆ ಮೊದಲಿನಿಂದ ಹಾಡಬೇಕು. "ತುಂಡು ಹಾಡಿಗೆ ತುಂಡು ನಿದ್ದಿ," ಎನ್ನುತ್ತಾರೆ ಅವರು. ಎರಡನೆಯದು ಅವರ ಮನಸ್ಸಿನ ಮಾತು. ಮೊದಲನೆಯದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ, ಲಲಿತಾಬಾಯಿಗೆ ದೊಡ್ಡವರ ಎದುರು ಹಾಡಲು ಬರುವುದಿಲ್ಲ. ದನಿ ಗಂಟಲಿನಲ್ಲೇ ಕೂತುಬಿಡುತ್ತದೆ.

ಅಂಗನವಾಡಿಯಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಮಕ್ಕಳೆದುರು ಅವರು ಕೋಗಿಲೆ. ಆದರೆ ಸೂಪರ್‌ವೈಸರ್ ಜೀಪು ಬಾಗಿಲಿಗೆ ಬಂತೆಂದರೆ ಸಹಾಯಕಿ ನೀಲಗಂಗಮ್ಮನ ಕಡೆ ನೋಡುತ್ತಿದ್ದರು. ನೀಲಗಂಗಮ್ಮ ಹಿಟ್ಟು ಕಲಸುತ್ತಿದ್ದ ಕೈಯನ್ನು ಹಾಗೇ ಎತ್ತಿ ಹಾಡು ಶುರು ಮಾಡುತ್ತಿದ್ದಳು. ಅವಳದು ಹೊಲದ ಬದುವಿನಿಂದ ಬದುವಿಗೆ ಮುಟ್ಟುವ ಕಂಠ. ಆ ಕಂಠಕ್ಕೆ ಬೆನ್ನು ಆನಿಸಿ ಲಲಿತಾಬಾಯಿಯ ಸಣ್ಣ ದನಿ ಹಿಂದಿನಿಂದ ಬರುತ್ತಿತ್ತು. ಈಗ ಅವರು ಹಾಡುವ ಜೋಗುಳವೂ ನೀಲಗಂಗಮ್ಮನದೇ. ಅವಳು ತನ್ನ ಮಗಳು ಪ್ರೀತಿಯನ್ನು ಅಂಗನವಾಡಿಯ ಮೂಲೆಯಲ್ಲಿ ಸೀರೆಯ ಜೋಳಿಗೆ ಕಟ್ಟಿ ತೂಗುತ್ತಿದ್ದಾಗ, ಲಲಿತಾಬಾಯಿ ಹಾಜರಿ ಹಾಕುತ್ತ ಹಾಕುತ್ತ ಅದನ್ನು ಕಲಿತರು. ಪ್ರೀತಿ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನೀಲಗಂಗಮ್ಮ ತೀರಿಕೊಂಡಳು. ಅಲ್ಲಿಂದೀಚೆ ದೊಡ್ಡವರಾರೂ ಲಲಿತಾಬಾಯಿ ಹಾಡಿದ್ದನ್ನು ಎದುರು ಕೂತು ಕೇಳಿಲ್ಲ. ಮಲ್ಲಣ್ಣನವರೂ ಬಾಗಿಲಿನ ಈಚೆಯಿಂದ ಕೇಳಿದವರೇ.

ನಿವೃತ್ತಿಯ ಮೊದಲ ಬೇಸಿಗೆಯಲ್ಲಿ ಯಾರೋ ಹಳೆಯ ಪರಿಚಯದವರು ಮೊಮ್ಮಗನಿಗೆ ಹಾಡು ಕೇಳಿದರು. ಲಲಿತಾಬಾಯಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಹಾಡಿ ಕಳಿಸಿದರು. ಮನೆ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ಹಾಡಿನ ನಡುವೆ ಒಂದು ಲಾರಿ ಉದ್ದಕ್ಕೆ ಹಾರನ್ ಹೊಡೆದುಕೊಂಡು ಹೋಗಿತ್ತು. ನಾಮಕರಣದ ದಿನ ದೊಡ್ಡ ಸ್ಪೀಕರಿನಲ್ಲಿ ಹಾಕಿದಾಗ ಸರಿಯಾಗಿ ಆ ಜಾಗದಲ್ಲಿ ಕೂಸು ಬೆಚ್ಚಿಬಿದ್ದು ಅತ್ತು, ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರಂತೆ.

"ಕೂಸನ್ನ ಲಾರಿ ಸ್ಟ್ಯಾಂಡಿನಾಗ ಮಲಗಿಸಿದಿ ನೋಡು," ಎಂದು ಮಲ್ಲಣ್ಣನವರು ವಾರಗಟ್ಟಲೆ ಕಾಡಿದರು.

ಲಾರಿಯ ಸದ್ದಿಲ್ಲದೆ ರೆಕಾರ್ಡು ಮಾಡಿಕೊಡುವವರನ್ನು ಹುಡುಕುವಾಗ ಸಿದ್ರಾಳ ಪರಿಚಯವಾಯಿತು. ಸಿದ್ರಾ ಕಲಬುರಗಿಯವಳು. ಅವಳ ಅಬ್ಬಾ ನಬಿಸಾಬ್ ಒಂದು ಕಾಲದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಮಗಳು ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ, ಮದುವೆಯ ವಿಡಿಯೊಗಳಿಗೆ ಹಾಡು ಜೋಡಿಸಿ ಕೊಡುತ್ತಾಳೆ. ಲಲಿತಾಬಾಯಿಯ ಮಗಳು ಓದುವಾಗ ಕೊಂಡು, ಮದುವೆಯಾದ ಮೇಲೆ ತವರಿನಲ್ಲೇ ಬಿಟ್ಟುಹೋಗಿದ್ದ ಕಂಪ್ಯೂಟರಿನ ಧೂಳು ಒರೆಸಿ, ಸಿದ್ರಾ ಅದರಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟಳು. ಒಂದು ಮೈಕು ನಿಲ್ಲಿಸಿದಳು. ದೂರದ ಲಾರಿಯ ಗುಡುಗುಡು ಸದ್ದನ್ನು ಹಾಡಿನಿಂದ ಸೋಸಿ ತೆಗೆಯುವುದನ್ನು ಕಲಿಸಿದಳು. ಚಳಿಗಾಲ ಪೂರ್ತಿ ಎಲ್ಲ ಚೆನ್ನಾಗಿ ನಡೆಯಿತು. ಎಷ್ಟೋ ಊರುಗಳಲ್ಲಿ ಮಕ್ಕಳು ಮಲಗಿದರು.

ಏಪ್ರಿಲ್ಲಿನಲ್ಲಿ ಪ್ರೀತಿಯ ಫೋನು ಬಂತು. ನೀಲಗಂಗಮ್ಮನ ಜೋಳಿಗೆಯಲ್ಲಿ ಮಲಗುತ್ತಿದ್ದ ಅದೇ ಪ್ರೀತಿ. ಅವಳಿಗೀಗ ಹೆಣ್ಣು ಮಗು.

"ಟೀಚರ್, ತೊಟ್ಟಿಲ ಕಾರ್ಯ ಇಲ್ಲೇ ಕಲಬುರಗಿ ಬ್ರಹ್ಮಪುರದಾಗ, ನಮ್ಮತ್ತಿ ಮನ್ಯಾಗ ಇಟ್ಟಾರ. ನಂಗಂತೂ ತವರಿಲ್ಲ. ಅವ್ವನ ಹಾಡರ ತವರಿಂದ ಬರ್ಲಿ."

"ಬರ್ತದವ್ವ. ಹೆಸರು ಹೇಳು."

ಪ್ರೀತಿ ಹೆಸರು ಹೇಳಿದಳು. ಲಲಿತಾಬಾಯಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡು ಫೋನು ಇಟ್ಟರು. ಮಲ್ಲಣ್ಣನವರು ಏನಾಯಿತೆಂದು ಕೇಳಿದಾಗ, "ಏನಿಲ್ಲ, ಹೆಸರು ಬಾಳ ಚಂದ ಅದ," ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಮರುದಿನ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಹಾಡಲು ಕೂತರು. ಹಾಡು ಮುಕ್ಕಾಲು ಮುಗಿದು ಹೆಸರಿನ ನುಡಿ ಹತ್ತಿರ ಬಂದಾಗ ಪರದೆಯ ಮೇಲೆ ದನಿ ತೋರಿಸುವ ಹಸಿರು ಗೆರೆ ನಿಂತುಬಿಟ್ಟಿತು. ಮೌಸು ಅಲ್ಲಾಡಲಿಲ್ಲ. ಆಮೇಲೆ ಟಪ್ಪನೆ ಎಲ್ಲ ಕಪ್ಪು. ಮತ್ತೆ ಹಚ್ಚಿದಾಗ ಕಂಪ್ಯೂಟರು ಬಂತು, ಹಾಡು ಬರಲಿಲ್ಲ. ಮೊದಲಿನಿಂದ ಹಾಡಿದರು. ಮತ್ತೆ ಅಲ್ಲೇ ಎಲ್ಲೋ ನಿಂತಿತು. ಮರುದಿನವೂ ಹಾಗೆಯೇ.

ಸಿದ್ರಾ ಬೆಳಗಿನ ಬಸ್ಸಿಗೆ ಬಂದಳು.

"ಬರ್ರಿ ಮೇಡಂ, ಬರ್ರಿ," ಎಂದು ಲಲಿತಾಬಾಯಿ ಸಡಗರದಿಂದ ಎದ್ದರು. ಮನೆಗೆ ಬಂದವರನ್ನು ಬರಿ ನೆಲದ ಮೇಲೆ ಕೂಡಿಸುವುದುಂಟೆ? ಹಾಡಿನ ಕೋಣೆಯಲ್ಲೇ ಇದ್ದ ದಪ್ಪನೆಯ ಕೌದಿಯೊಂದನ್ನು ತೆಗೆದು ಕಂಪ್ಯೂಟರಿನ ಮುಂದೆ ಹಾಸಿದರು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಅವರೇ ಹೊಲಿದ ಕೌದಿ. ಫ್ಯಾನು ಹಾಕಿದರು. ಕಿಟಕಿ ತೆರೆದರು. ಮಲ್ಲಣ್ಣನವರು ಪಡಸಾಲೆಯ ಕೂಲರನ್ನು ಎಳೆದು ತಂದು ಸಿದ್ರಾಳ ಕಡೆ ತಿರುಗಿಸಿದರು. ಚುರುಮುರಿಯ ಸುಸಲಾ ಬಂತು, ಚಹಾ ಬಂತು, ಕೆಂಪು ಬಾಳೆಹಣ್ಣು ಬಂತು.

ಸಿದ್ರಾ ತಿನ್ನುತ್ತ, ಪ್ರಶ್ನೆ ಕೇಳುತ್ತ, ಯಂತ್ರವನ್ನು ಪರೀಕ್ಷಿಸಿದಳು.

"ಬಾಯಿಯವ್ರೇ, ಬಂದ್ ಆಗೂ ಮುಂಚೆ ಏನರ ಒತ್ತಿದ್ರಿ?"

"ಇಲ್ಲವ್ವ. ಎರಡೂ ಕೈ ಮಡಚಿ ಕೂತಿದ್ದೆ."

"ಹೊಸಾದು ಏನರ ಹಾಕಿದ್ರಿ ಇದ್ರೊಳಗ?"

"ನಂಗ ಹಾಕಾಕ ಬಂದ್ರ ನಿಮಗ್ಯಾಕ ಕರೀತಿದ್ದೆ?"

ಸಿದ್ರಾಳಿಗೆ ಮೊದಲು ಅನುಮಾನ ಬಂದದ್ದು ದನಿಗೆ ಮಾರ್ದನಿ ಕೊಡುವ ಪ್ಲಗಿನ್ ಮೇಲೆ. ಅದನ್ನು ತೆಗೆದಳು. ಸೌಂಡ್ ಡ್ರೈವರ್ ಹೊಸದು ಹಾಕಿದಳು. ಆಮೇಲೆ ಮೈಕನ್ನು ಗೋಡೆ ಗಡಿಯಾರದ ಕಡೆ ತಿರುಗಿಸಿ ರೆಕಾರ್ಡಿಂಗ್ ಶುರು ಮಾಡಿ ಊಟಕ್ಕೆ ಕೂತಳು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಮುಗಿದು ಮಜ್ಜಿಗೆಯಾದರೂ ರೆಕಾರ್ಡಿಂಗ್ ನಿಲ್ಲಲಿಲ್ಲ. ತಿರುಗಿಸಿ ಹಾಕಿದಾಗ ಗಡಿಯಾರದ ಟಿಕ್‌ಟಿಕ್ ಜೊತೆಗೆ ಮಲ್ಲಣ್ಣನವರು ಪಕ್ಕದ ಮನೆಯ ದೌಲಪ್ಪನ ಬಾಳೆಗೊನೆಗಳನ್ನು ಆಡಿಕೊಂಡದ್ದೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಅಳಿಸವ್ವ, ಅಳಿಸು! ದೌಲಪ್ಪ ಕೇಳ್ಯಾನು!" ಎಂದು ಮಲ್ಲಣ್ಣನವರು ಕೈ ಮುಗಿದರು.

ಯಂತ್ರ ಸರಿಯಾಯಿತು ಅಂದುಕೊಂಡು ಸಿದ್ರಾ ಹಣ್ಣಿನ ಚೀಲ ಹೊತ್ತು ಬಸ್ಸು ಹತ್ತಿದಳು. ಮರುದಿನ ಮಧ್ಯಾಹ್ನ ಲಲಿತಾಬಾಯಿ ಹಾಡಲು ಕೂತರು. ಹೆಸರಿನ ಹತ್ತಿರ ಬರುತ್ತಲೇ ಟಪ್ಪನೆ ಕಪ್ಪು.

ಎರಡನೆಯ ಸಲ ಸಿದ್ರಾ ಡಬ್ಬಿಯನ್ನೇ ಬಿಚ್ಚಿದಳು. ಮೆಮೊರಿ ಪಟ್ಟಿಯನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದಳು. ಹಳ್ಳಿಯ ಕರೆಂಟಿನ ಏರಿಳಿತ ಇರಬಹುದೆಂದು ತನ್ನ ಯುಪಿಎಸ್ಸನ್ನೇ ತಂದು ಇಟ್ಟಳು. ಸಾಫ್ಟ್‌ವೇರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದಳು. ಆ ದಿನವೂ ಬೆಳಗಿನ ಹೊತ್ತು, ಆ ದಿನವೂ ಕೌದಿ, ಕೂಲರು, ಸುಸಲಾ. ಯಂತ್ರ ಒಂದು ಸಲವೂ ತಡವರಿಸಲಿಲ್ಲ.

"ನೋಡ್ರಿ ಇದರ ನಾಟಕ," ಎಂದರು ಲಲಿತಾಬಾಯಿ. "ಸೂಪರ್‌ವೈಸರ್ ಬಂದಾಗ ನಮ್ಮ ಹುಡುಗ್ರು ಹಿಂಗೇ ಕೈಕಟ್ಟಿ ಕೂಡ್ತಿದ್ವು. ಜೀಪು ತಿರುಗಿತು ಅಂದ್ರ ಒಬ್ಬನ ಜುಟ್ಟು ಒಬ್ಬನ ಕೈಯಾಗ."

"ನೀವು ಹಾಡ್ರಿ ಬಾಯಿಯವ್ರೇ, ನಾ ಇರೂವಾಗೇ ಬೀಳ್ಲಿ. ನೋಡೂಣು."

"ಹೆಸರು ಅದಲ್ಲ ಅದರಾಗ," ಎಂದು ಲಲಿತಾಬಾಯಿ ಥಟ್ಟನೆ ಅಡುಗೆಮನೆಗೆ ಎದ್ದುಹೋದರು. ಸಿದ್ರಾ ಒತ್ತಾಯ ಮಾಡಲಿಲ್ಲ. ಬೇರೆಯವರ ಮನೆಯ ಕಟ್ಟುಪಾಡು, ತಾನು ಹೊರಗಿನವಳು ಎಂದು ಸುಮ್ಮನಾದಳು.

ಆ ವಾರ ದಿನಕ್ಕೆ ಎರಡು ಮೂರು ಸಲ ಫೋನು ನಡೆಯಿತು. ಇತ್ತಲಿಂದ "ಮತ್ತ ಬಿತ್ತವ್ವ" ಎಂಬ ಸುದ್ದಿ. ಅತ್ತಲಿಂದ "ಅದನ್ನ ಹಿಂಗ ಮಾಡ್ರಿ, ಇದನ್ನ ಹಂಗ ಮಾಡ್ರಿ" ಎಂಬ ಸಲಹೆ. ತುಂಡು ತುಂಡಾಗಿ ಹಾಡಿ ಕೂಡಿಸೋಣವೆಂದು ಸಿದ್ರಾ ಹೇಳಿನೋಡಿದಳು. ಲಲಿತಾಬಾಯಿ ಒಪ್ಪಲಿಲ್ಲ. ಮೊಬೈಲಿನಲ್ಲೇ ಹಾಡಿ ಕಳಿಸೆಂದು ಮಲ್ಲಣ್ಣನವರು ಹೇಳಿದಾಗ, "ನೀಲಗಂಗಿ ಹಾಡಿಗೆ ಲಾರಿ ಕೂಡಸ್ಲೇನು?" ಎಂದು ಸಿಡುಕಿದರು. ಸಾಫ್ಟ್‌ವೇರಿನ ಮಾತು ಮುಗಿದ ಮೇಲೂ ಫೋನು ಮುಗಿಯುತ್ತಿರಲಿಲ್ಲ. ಸಿದ್ರಾಳಿಗೆ ಬಿಸಿಲಿಗೆ ತಲೆ ಸುತ್ತಿದ್ದು, ಅವಳು ಊಟ ಬಿಟ್ಟದ್ದು, ಅದಕ್ಕೆ ಲಲಿತಾಬಾಯಿ ಬೈದದ್ದು, ನಬಿಸಾಬರಿಗೆ ಮೊಣಕಾಲು ನೋವಿಗೆ ಏನು ಹಚ್ಚಬೇಕೆಂದು ಹೇಳಿದ್ದು, ಎಲ್ಲವೂ ಅದರಲ್ಲೇ. 'ಮೇಡಂ' ಎಂಬುದು ಯಾವಾಗ 'ಸಿದ್ರಾ' ಆಯಿತು, 'ನೀವು' ಯಾವಾಗ 'ನೀನು' ಆಯಿತು, ಇಬ್ಬರಿಗೂ ಗೊತ್ತಾಗಲಿಲ್ಲ.

ತೊಟ್ಟಿಲ ಕಾರ್ಯ ರವಿವಾರ. ಶುಕ್ರವಾರದವರೆಗೂ ಹಾಡು ಇಲ್ಲ. ಪ್ರೀತಿ ದಿನಾ ಕೇಳುತ್ತಿದ್ದಳು. "ಹಾಡು ಇಲ್ಲಂದ್ರೂ ನಡೀತದ ಟೀಚರ್, ನೀವು ಬರ್ರಿ ಸಾಕು," ಎಂದು ಕೊನೆಗೆ ಅವಳೇ ಸಮಾಧಾನ ಹೇಳಿದಾಗ ಲಲಿತಾಬಾಯಿಗೆ ಇನ್ನೂ ಸಂಕಟವಾಯಿತು. ಕೊನೆಯ ಮದ್ದು ಬೇರೆಯೇ ಇತ್ತು. ತಾವೇ ಹೋಗಿ ತೊಟ್ಟಿಲ ಪಕ್ಕ ನಿಂತು ಹಾಡಿಬಿಡುವುದು. ಅದನ್ನು ನೆನೆದರೇ ಅವರು ಎದ್ದು ಹೋಗಿ ಕಂಪ್ಯೂಟರನ್ನು ಮತ್ತೊಮ್ಮೆ ಹಚ್ಚುತ್ತಿದ್ದರು.

ಶುಕ್ರವಾರ ಸಿದ್ರಾ ಕಪನೂರಿನ ಒಂದು ವರ್ಕ್‌ಶಾಪಿನ ಕೆಲಸ ಮುಗಿಸಿ, ಉರಿಬಿಸಿಲಿನಲ್ಲಿ ಕಮಲಾಪುರಕ್ಕೆ ಬಂದಳು. ಬಾಗಿಲ ಹತ್ತಿರ ನಿಂತು ಚಪ್ಪಲಿ ಬಿಡುವಾಗ ಒಳಗಿನಿಂದ ದನಿ ಬಂತು.

"ಯಾರದು, ಸಿದ್ರಾ ಏನು? ಬಾ ಒಳಗ. ಹರವ್ಯಾಗ ನೀರು ಅವ, ತಗೊಂಡು ಕುಡಿ. ನಾ ಹಾಡಾಕ ಕೂಡಾಕತ್ತೀನಿ."

ಯಾರೂ ಎದ್ದು ಬರಲಿಲ್ಲ. ಕೌದಿ ಹಾಸಲಿಲ್ಲ. ಕೂಲರು ಮಲ್ಲಣ್ಣನವರ ಮಂಚದ ಕಡೆಗೇ ಮುಖ ಮಾಡಿತ್ತು. ಸಿದ್ರಾ ತಾನೇ ನೀರು ಕುಡಿದು, ದುಪಟ್ಟಾದಿಂದ ಮುಖ ಒರೆಸಿಕೊಂಡು, ಹಾಡಿನ ಕೋಣೆಯ ಬಾಗಿಲಲ್ಲಿ ನಿಂತಳು. ಕಿಟಕಿಗಳು ಮುಚ್ಚಿದ್ದವು. ಅರೆಗತ್ತಲು. ಫ್ಯಾನು ನಿಂತಿತ್ತು. ಒಳಗಿನ ಗಾಳಿ ರೊಟ್ಟಿ ಬೇಯಿಸಬಹುದು ಎಂಬಷ್ಟು ಬಿಸಿಯಾಗಿತ್ತು.

"ಇವತ್ತು ನಾ ಇಲ್ಲೇ ಇರ್ತೀನಿ," ಎಂದಳು ಸಿದ್ರಾ. "ನೀವು ಹಾಡ್ರಿ. ಬೀಳೂದನ್ನ ಕಣ್ಣಾರೆ ನೋಡ್ಲಿಲ್ಲಂದ್ರ ನಂಗ ಗೊತ್ತಾಗಂಗಿಲ್ಲ."

"ಹೊರಗಿನವರ ಕಿವಿಗೆ ಹೆಸರು..."

"ಅಯ್ಯ, ಇಕಿ ಹೊರಗಿನಾಕಿ ಏನು?" ಎಂದು ಮಂಚದ ಮೇಲಿನಿಂದ ಮಲ್ಲಣ್ಣನವರು ಬಾಯಿ ಹಾಕಿದರು. "ನಿನ್ನಿ ಫೋನಿನಾಗ ಊಟ ಬಿಟ್ಟಿ ಅಂತ ಅರ್ಧ ತಾಸು ಬೈದಿ. ಹೊರಗಿನವರಿಗೆ ಯಾರರ ಹಂಗ ಬೈತಾರ?"

ಲಲಿತಾಬಾಯಿ ಎದ್ದು ಬಾಗಿಲಿಗೆ ಬಂದರು. ಸಿದ್ರಾಳ ಬಿಸಿಲಿಗೆ ಕೆಂಪಾದ ಮುಖ ನೋಡಿದರು. ಬಾಗಿಲು ಹಾಕಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು:

"ಹೆಸರಿನ ಮಾತಲ್ಲವ್ವ. ನಂಗ... ಯಾರರ ಎದುರಿಗಿದ್ರ ಹಾಡು ಬರಂಗಿಲ್ಲ."

ಸಿದ್ರಾ ನಗಲಿಲ್ಲ. ಸ್ವಲ್ಪ ಯೋಚಿಸಿ, ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. "ಹಿಂಗ ಕೂತ್ರ?"

ತಪ್ಪು ಮಾಡಿ ಮೂಲೆ ಸೇರಿದ ಅಂಗನವಾಡಿಯ ಮಗುವಿನಂತೆ ಕಂಡಳು. ಲಲಿತಾಬಾಯಿಗೆ ನಗು ಬಂತು. ರೆಕಾರ್ಡಿಂಗ್ ಹಚ್ಚಿ ಬಾಯಿ ತೆರೆದರು. ದನಿ ಬರಲಿಲ್ಲ. ಮತ್ತೆ ತೆರೆದರು. ಬರೀ ಗಾಳಿ.

ಆಗ ಮೂಲೆಯಿಂದ ಸಣ್ಣಗೆ ಒಂದು ಗುನುಗು ಕೇಳಿಸಿತು. ಮಾತಿಲ್ಲ, ಬರೀ ಜೋ ಜೋ ಎಂಬ ಎಳೆತ. ಸಿದ್ರಾಳ ಅಮ್ಮಿ ಅವಳನ್ನು ಮಲಗಿಸುವಾಗ ಗುನುಗುತ್ತಿದ್ದ ರಾಗವೇ ಇರಬೇಕು. ಇಲ್ಲಿಯದಲ್ಲ, ಆದರೆ ತೊಟ್ಟಿಲಿನ ತೂಗು ಅದೇ. ಲಲಿತಾಬಾಯಿ ಕಣ್ಣು ಮುಚ್ಚಿದರು. ಬೆನ್ನಿಗೆ ಒಂದು ಆಸರೆ ಸಿಕ್ಕಂತಾಯಿತು. ಹಿಟ್ಟಿನ ಕೈ ಎತ್ತಿಕೊಂಡು ನಿಂತವಳ ನೆನಪಾಯಿತು.

ಬಾಳಿಯ ಬನದಾಗ ಬೆಳಕೊಂದು ಬಿದ್ದದ
ಎಲಿಮ್ಯಾಲ ಹನಿಯು ಹೊರಳ್ಯಾವ, ಕಂದಮ್ಮ
ನಿನಗಾಗಿ ಗಾಳಿ ತೂಗ್ಯಾವ

ನುಡಿಯ ಹಿಂದೆ ನುಡಿ ಬಂತು. ಮಲ್ಲಣ್ಣನವರು ಮಂಚದಿಂದ ಎದ್ದು ಬಾಗಿಲಿಗೆ ಕಿವಿ ಕೊಟ್ಟರು. ಇಂದು ಹೆಂಡತಿಯ ದನಿ ದುಂಡಗೆ ತುಂಬಿಕೊಂಡಿತ್ತು. ಹಾಡು ಹೊಲ ದಾಟಿ, ಕೆರೆ ದಾಟಿ, ಅಜ್ಜಿಯ ಮನೆಯಂಗಳ ದಾಟಿ ಹೆಸರಿನ ನುಡಿಗೆ ಬಂತು.

ಊರಿಗೆ ಹೊಸಹೆಸರು, ಉಡಿಗೊಂದು ಹೊಸ ಉಸಿರು
ಯಾರಂತ ಕೂಗಿ ಕರೆಯೋಣ, ನಮ್ಮವ್ವ...

ಟಪ್.

"ಬಿತ್ತು!" ಎಂದು ಸಿದ್ರಾ ಗೋಡೆಯಿಂದ ತಿರುಗಿ ನೆಗೆದು ನಿಂತಳು. "ಬಿತ್ತು, ಬಿತ್ತು! ಯಾ ಅಲ್ಲಾ, ನನ್ನ ಮುಂದೇ ಬಿತ್ತು!"

ಯಾರು ಬಿದ್ದರೆಂದು ಮಲ್ಲಣ್ಣನವರು ಬಾಗಿಲು ದೂಡಿಕೊಂಡು ಓಡಿಬಂದರು. ನೋಡಿದರೆ ಸಿದ್ರಾ ಲಲಿತಾಬಾಯಿಯ ಎರಡೂ ಕೈ ಹಿಡಿದು ಕುಣಿಯುತ್ತಿದ್ದಾಳೆ. ಕಂಪ್ಯೂಟರು ಸತ್ತು ಕೂತಿದೆ.

"ಕೆಟ್ಟಿದ್ದಕ್ಕ ಕುಣಿಯೂ ಮೆಕ್ಯಾನಿಕ್ಕನ್ನ ಇವತ್ತೇ ನೋಡಿದ್ದು ನೋಡ್ರಿ," ಎಂದರು ಮಲ್ಲಣ್ಣನವರು.

ಬಾಗಿಲಿನಿಂದ ಬಂದ ಬೆಳಕಿನಲ್ಲಿ ಸಿದ್ರಾ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಕಂಪ್ಯೂಟರಿನ ಡಬ್ಬಿ ಇರಲಿಲ್ಲ. ಚಳಿಗೆ ಮುದುರಿ ಕೂತ ಮುದುಕಿಯಂಥ ಒಂದು ಗಂಟು ಇತ್ತು. ತಲೆಯಿಂದ ಬುಡದವರೆಗೆ ನಾಲ್ಕು ಮಡಿಕೆ ಹೊದ್ದುಕೊಂಡಿತ್ತು. ಕೈಯಿಟ್ಟಳು. ಚುರುಕ್ಕೆಂದಿತು.

"ಇದೇನು?"

"ಕೌದಿ," ಎಂದರು ಲಲಿತಾಬಾಯಿ ಸಹಜವಾಗಿ.

"ಕೌದಿ ಅಂತ ಗೊತ್ತದ. ನಾ ಎರಡು ಸಲ ಬಂದಾಗ ಕೂತಿದ್ದು ಇದೇ ಕೌದಿ ಮ್ಯಾಲಲ್ಲ? ಇದ್ಯಾಕ ಇಲ್ಲಿ?"

"ಡಬ್ಬ್ಯಾಗಿಂದು ಫ್ಯಾನು ಗುಂಯ್ ಅಂತ ಹಾಡಿನಾಗ ಬರ್ತಿತ್ತವ್ವ. ಅದಕ್ಕ ಹಾಡೂ ಮುಂದ ಹೊದಸ್ತೀನಿ. ಮನಿಗೆ ಮಂದಿ ಬಂದಾಗ ತಗದು ಹಾಸ್ತೀನಿ."

ಸಿದ್ರಾ ನೆಲದ ಮೇಲೆ ಕೂತೇಬಿಟ್ಟಳು. ಚಳಿಗಾಲದಲ್ಲಿ ಯಂತ್ರ ಹೇಗೋ ಉಸಿರು ಹಿಡಿದು ಬದುಕಿತ್ತು. ಬೇಸಿಗೆ ಮಧ್ಯಾಹ್ನ, ಮುಚ್ಚಿದ ಕೋಣೆ, ಮೇಲೆ ನಾಲ್ಕು ಮಡಿಕೆ ಸೀರೆ. ಕಾದು ಕಾದು ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತಿತ್ತು. ತಾನು ಬಂದಾಗೆಲ್ಲ ಅದೇ ಕೌದಿ ತನ್ನ ಕೆಳಗೆ, ಕೂಲರಿನ ತಂಪು ತನಗೂ ಯಂತ್ರಕ್ಕೂ. ಅದಕ್ಕೆ ತಡವರಿಸುವ ಕಾರಣವೇ ಇರಲಿಲ್ಲ.

"ಅಮ್ಮಾ, ಎಷ್ಟು ಸಲ ಕೇಳಿದ್ನಲ್ಲ ನಿಮಗ, ಏನು ಮಾಡಿದ್ರಿ ಅಂತ!"

"ಏನು ಒತ್ತಿದ್ರಿ ಅಂತ ಕೇಳಿದಿ, ಏನು ಹಾಕಿದ್ರಿ ಅಂತ ಕೇಳಿದಿ. ಏನು ಹೊದಿಸಿದ್ರಿ ಅಂತ ಕೇಳಿದೇನು?"

ಮಲ್ಲಣ್ಣನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಸಿದ್ರಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಲಲಿತಾಬಾಯಿ ಮೊದಲು ಸಿಟ್ಟಿನ ಮುಖ ಮಾಡಿ, ಆಮೇಲೆ ಗಂಟಿನ ಕಡೆ ಒಮ್ಮೆ ನೋಡಿ, ತಾವೂ ಸೆರಗು ಬಾಯಿಗಿಟ್ಟುಕೊಂಡರು. "ಪಾಪ, ಬಿಸಲಾಗ ಕೌದಿ ಹೊದಿಸಿ ಮಲಗಿಸಿದ್ನಲ್ಲ ಅದನ್ನ," ಎಂದು ಡಬ್ಬಿಯ ತಲೆ ಸವರಿದರು.

"ಕರಿಬೇಕಿದ್ದ ಹೆಸರೂ ಉಳೀತು ನೋಡ್ರಿ," ಎಂದಳು ಸಿದ್ರಾ. "ನನ್ನ ಕಿವಿಗೆ ಬಿದ್ದಿಲ್ಲ."

"ನಾಳಿ ಬೀಳ್ತದ. ನೀ ಇವತ್ತು ಇಲ್ಲೇ ಇರು. ಅಬ್ಬಾಗ ಫೋನ್ ಮಾಡಿ ಹೇಳು."

ಸಂಜೆ ಸಿದ್ರಾ ಉದ್ದನೆಯ ವೈರುಗಳನ್ನು ಎಳೆದು ಡಬ್ಬಿಯನ್ನು ಕೋಣೆಯಿಂದ ಪಡಸಾಲೆಗೆ, ಮಲ್ಲಣ್ಣನವರ ಮಂಚದ ಪಕ್ಕಕ್ಕೆ, ಕೂಲರಿನ ಎದುರಿಗೆ ಸಾಗಿಸಿದಳು. ಒಳಗೆ ಮೈಕು, ಪರದೆ ಮಾತ್ರ ಉಳಿದವು. ಕೌದಿಯನ್ನು ಹಗ್ಗಕ್ಕೆ ಹಾಕಿ ರಸ್ತೆಯ ಕಡೆಯ ಕಿಟಕಿಗೆ ಅಡ್ಡ ಕಟ್ಟಿದಳು. ಲಾರಿಗಳ ಸದ್ದು ಅರ್ಧಕ್ಕರ್ಧ ಇಳಿಯಿತು.

"ಅಂದ್ರ ಈ ಗುಂಯ್ ಗುಂಯ್ ಇನ್ನ ನನ್ನ ಕಿವ್ಯಾಗ," ಎಂದರು ಮಲ್ಲಣ್ಣನವರು.

"ನಿಮಗ ನಿದ್ದಿ ಚಲೋ ಬರ್ತದ್ರಿ," ಎಂದಳು ಸಿದ್ರಾ.

ಶನಿವಾರ ಮುಂಜಾನೆ ತಂಪು ಹೊತ್ತಿನಲ್ಲಿ ಹಾಡು ಆಯಿತು. ಸಿದ್ರಾ ಮತ್ತೆ ಗೋಡೆಗೆ ಮುಖ ಮಾಡಿ ಕೂತು ಗುನುಗಿದಳು. ಹಸಿರು ಗೆರೆ ಒಂದು ಸಲವೂ ನಿಲ್ಲದೆ ಬಾಳೆಬನ ದಾಟಿತು, ಕೆರೆ ದಾಟಿತು, ಹೆಸರನ್ನೂ ದಾಟಿತು. ಹೆಸರು ಕಿವಿಗೆ ಬಿದ್ದಾಗ ಸಿದ್ರಾಳ ಗುನುಗು ಒಂದು ಗಳಿಗೆ ನಡುಗಿತು. ಆ ಹೆಸರಿನವಳ ಕಥೆಯನ್ನು ಹಿಂದಿನ ಸಂಜೆಯಷ್ಟೇ ಕಟ್ಟೆಯ ಮೇಲೆ ಕೂತು ಕೇಳಿದ್ದಳು. ಹಾಡು ಮುಗಿದ ಮೇಲೆ ತನ್ನ ಗುನುಗನ್ನು ಅಳಿಸಲು ಹೋದಳು. ಲಲಿತಾಬಾಯಿ ಅವಳ ಕೈ ಹಿಡಿದರು.

"ಇರ್ಲಿ ಬಿಡು. ಅದಿಲ್ಲಂದ್ರ ಇದು ನಿಂದ್ರಂಗಿಲ್ಲ."

ರವಿವಾರ ಬ್ರಹ್ಮಪುರದ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರೀತಿಯ ಗಂಡ ಅಮರನಾಥ ಬಂದವರಿಗೆಲ್ಲ ಗುಗ್ಗರಿ ಹಂಚುವ ಬುಟ್ಟಿ ಹಿಡಿದು ಓಡಾಡುತ್ತಿದ್ದ. ನಡುಮನೆಯಲ್ಲಿ ಹೂ ಸುತ್ತಿದ ತೊಟ್ಟಿಲು. ಸಿದ್ರಾ ಗೋಡೆಯ ಪಕ್ಕ ಸ್ಪೀಕರು ಇಟ್ಟು ತನ್ನ ಮೊಬೈಲನ್ನು ಅದಕ್ಕೆ ಕೂಡಿಸಿದಳು. ಲಲಿತಾಬಾಯಿ ತೊಟ್ಟಿಲ ಹತ್ತಿರ, ಪ್ರೀತಿಯ ಪಕ್ಕದಲ್ಲಿ ಕೂತಿದ್ದರು. ತವರಿನವರ ಜಾಗ ಅದೇ ಎಂದು ಪ್ರೀತಿ ಅವರನ್ನು ಅಲ್ಲೇ ಕೂಡಿಸಿದ್ದಳು.

ಹಾಡು ಶುರುವಾಯಿತು. ಮಾತುಗಳು ಒಂದೊಂದಾಗಿ ಅಡಗಿದವು.

"ಯಾರು ಹಾಡ್ಯಾರ್ರಿ ಇದು?" ಎಂದು ಒಬ್ಬ ಮುದುಕಿ ಕೇಳಿದಳು. "ನಮ್ಮ ಕಾಲದ ದನಿ."

ಲಲಿತಾಬಾಯಿ ತೊಟ್ಟಿಲ ಕಡೆ ಬಗ್ಗಿದರು. ತೊಟ್ಟಿಲ ಹಗ್ಗ ಅವರ ಕೈಗೆ ಬಂದಿತ್ತು. ಮಗು ಕಣ್ಣು ಬಿಟ್ಟು ಅವರನ್ನೇ ನೋಡುತ್ತಿತ್ತು. ಅಜ್ಜಿಯದೇ ಅಗಲವಾದ ಹಣೆ. ಮಗುವಿನ ಎದುರು ಹಾಡದೆ ಇರುವುದು ಅವರಿಗೆ ಗೊತ್ತಿರಲಿಲ್ಲ. ತುಟಿ ತಾನಾಗಿ ಅಲ್ಲಾಡಿತು. ಸ್ಪೀಕರಿನ ದನಿಗೆ ಬೆನ್ನು ಆನಿಸಿ, ಅದರ ಕೆಳಗೆ ಅಡಗಿಕೊಂಡು ಅವರು ಹಾಡತೊಡಗಿದರು.

ಸ್ಪೀಕರಿನ ಹತ್ತಿರ ಕೂತ ಸಿದ್ರಾ ಅದನ್ನು ಕೇಳಿಸಿಕೊಂಡಳು. ಅವಳ ಕಣ್ಣಿನಲ್ಲಿ ಒಂದು ತುಂಟತನ ಮಿಂಚಿತು. ಸ್ಪೀಕರಿನ ಗುಂಡಿಗೆ ಕೈ ಹಾಕಿ, ಸದ್ದನ್ನು ಎಳ್ಳಿನಷ್ಟು ಇಳಿಸಿದಳು. ಒಂದು ನುಡಿ ಕಳೆದ ಮೇಲೆ ಇನ್ನೊಂದು ಎಳ್ಳಿನಷ್ಟು. ಕೆರೆ ದಾಟುವಾಗ ಎರಡು ದನಿಗಳೂ ಸಮವಾದವು. ಯಾವುದು ಯಂತ್ರದ್ದು, ಯಾವುದು ಮನುಷ್ಯರದ್ದು ಹೇಳಲಾಗುತ್ತಿರಲಿಲ್ಲ. ಅಜ್ಜಿಯ ಮನೆಯಂಗಳಕ್ಕೆ ಬರುವಾಗ ಸ್ಪೀಕರು ಪಿಸುಗುಡುತ್ತಿತ್ತು. ಆಮೇಲೆ ಅದೂ ಇಲ್ಲ.

ಊರಿಗೆ ಹೊಸಹೆಸರು, ಉಡಿಗೊಂದು ಹೊಸ ಉಸಿರು
ಯಾರಂತ ಕೂಗಿ ಕರೆಯೋಣ, ನಮ್ಮವ್ವ...

ಅಲ್ಲಿ ಲಲಿತಾಬಾಯಿಗೆ ತಿಳಿಯಿತು. ಮನೆಯಲ್ಲಿ ತಮ್ಮದೊಂದೇ ದನಿ. ನಡುಮನೆಯ ತುಂಬ ಮುಖಗಳು, ಎಲ್ಲವೂ ತಮ್ಮ ಕಡೆಗೇ. ಬಾಗಿಲಲ್ಲಿ ಮಲ್ಲಣ್ಣನವರು ಬಾಯಿ ತೆರೆದು ನಿಂತಿದ್ದಾರೆ. ಹಾಡು ನಿಂತಿತು, ತೂಗುವ ಕೈಯೂ ನಿಂತಿತು. ಗದರುವ ಕಣ್ಣಿನಿಂದ ಸಿದ್ರಾಳ ಕಡೆ ತಿರುಗಿದರು.

ಸಿದ್ರಾ ಅಷ್ಟು ಜನರ ನಡುವೆ, ಹೊಸ ದುಪಟ್ಟಾ ಹೊದ್ದುಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದ ಸಣ್ಣಗೆ, ಜೋ ಜೋ ಎಂಬ ಎಳೆತ ಬರುತ್ತಿತ್ತು.

ಲಲಿತಾಬಾಯಿಗೆ ನಗು ಉಕ್ಕಿತು. ಆ ನಗುವಿನ ಜೊತೆಗೇ, ಹೊಲದ ಬದುವಿನಿಂದ ಬದುವಿಗೆ ಮುಟ್ಟುವಂತೆ, ದನಿ ಹೊರಗೆ ಬಂತು.

ನೀಲಗಂಗಾ ಅಂತ ಕರೆಯೋಣ

ಪ್ರೀತಿ ಅವರ ಭುಜಕ್ಕೆ ಹಣೆ ಒತ್ತಿದಳು. ಸೋದರತ್ತೆ ಬಗ್ಗಿ ಅದೇ ಹೆಸರನ್ನು ಮಗುವಿನ ಕಿವಿಯಲ್ಲಿ ಕೂಗಿದಳು, ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಗದ್ದಲವೆದ್ದಿತು. ಗುಗ್ಗರಿಯ ಬುಟ್ಟಿ ಮತ್ತೆ ಓಡಾಡಿತು.

"ಇನ್ನೊಂದು ಸಲ ಹಾಡ್ರಿ," ಎಂದಳು ಆ ಮುದುಕಿ. "ನಂಗ ನಡುವಿಂದು ಕೇಳಿಸ್ಲಿಲ್ಲ."

"ನಡುವಿಂದಷ್ಟೇ ಹಾಡಾಕ ಬರಂಗಿಲ್ಲವ್ವ," ಎಂದರು ಲಲಿತಾಬಾಯಿ ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತ. "ಮೊದಲಿಂದ ಹಾಡಬೇಕಾಗ್ತದ."

ಸಿದ್ರಾ ಸ್ಪೀಕರಿನ ವೈರು ಕಿತ್ತು ಸುತ್ತಿಟ್ಟಳು.